ಅಕ್ಕಿ ಮತ್ತು ಉಮಿ: ಮೂಲ್ಕಿ ದೇವಸ್ಥಾನದ ತೀರ್ಪಿನ ಒಂದು ಓದು

ನ್ಯಾಯಾಲಯದ ತೀರ್ಪನ್ನು ಪಠ್ಯವಾಗಿ ಓದುವ ರೂಢಿ ಕನ್ನಡ ವಿಮರ್ಶೆಯಲ್ಲಿ ಅಷ್ಟಾಗಿ ಬೆಳೆದಿಲ್ಲ. ತೀರ್ಪು ವಕೀಲರ ಸೊತ್ತು, ಇಂಗ್ಲಿಷಿನ ಸೊತ್ತು ಎಂಬ ಭಾವನೆ ಇದಕ್ಕೆ ಕಾರಣವಿರಬೇಕು. ಆದರೆ ಒಂದು ಸಮುದಾಯದ ಕಥೆಯನ್ನು ಮೂಲದಿಂದ ಹೇಳಿ, ಅದರ ನಂಬಿಕೆಯ ಸ್ವರೂಪವನ್ನು ನಿರೂಪಿಸಿ, ಯಾರು ಒಳಗೆ ಯಾರು ಹೊರಗೆ ಎಂದು ಗೆರೆ ಎಳೆಯುವ ಬರಹದಲ್ಲಿ ಕಥನದ ಲಕ್ಷಣಗಳೆಲ್ಲ ಸೇರಿಯೇ ಇರುತ್ತವೆ. 1957ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ವೆಂಕಟರಮಣ ದೇವರು ಮತ್ತು ಮೈಸೂರು ರಾಜ್ಯದ ನಡುವಣ ಮೊಕದ್ದಮೆಯ ತೀರ್ಪು ಅಂಥದೊಂದು ಬರಹ. ದೇಶದ ಕಾನೂನು ಶಾಲೆಗಳಲ್ಲಿ ಇದನ್ನು ಚುಟುಕಾಗಿ ‘ದೇವರು’ ಎಂದೇ ಕರೆಯುತ್ತಾರೆ. ಆ ಪದ ಒಬ್ಬ ವ್ಯಕ್ತಿಯ ಕುಲನಾಮವಲ್ಲ, ದಕ್ಷಿಣ ಕನ್ನಡದ ಮೂಲ್ಕಿಯ ದೇವಸ್ಥಾನದಲ್ಲಿ ನೆಲೆಸಿದ ದೇವರು ಎಂಬುದು ಕನ್ನಡ ಬಲ್ಲವರಿಗಷ್ಟೇ ಥಟ್ಟನೆ ಹೊಳೆಯುವ ಸಂಗತಿ.

ಧರ್ಮಸ್ವಾತಂತ್ರ್ಯಕ್ಕೂ ಸಮಾನತೆಗೂ ನಡುವಿನ ತಿಕ್ಕಾಟವನ್ನು ಕುರಿತು ಸ್ವತಂತ್ರ ಭಾರತ ನಡೆಸಿದ ಎರಡು ಮೊದಲ ದೊಡ್ಡ ವಾಗ್ವಾದಗಳೂ ಒಂದೇ ಜಿಲ್ಲೆಯಿಂದ ಹೊರಟವು. 1954ರ ಶೀರೂರು ಮಠದ ತೀರ್ಪು ಉಡುಪಿಯದು, 1957ರದು ಮೂಲ್ಕಿಯದು. ಎರಡೂ ಮೊಕದ್ದಮೆಗಳು ಹುಟ್ಟಿದ್ದು ಅವಿಭಜಿತ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ, ಅಂದರೆ ಕಾಸರಗೋಡು ಕೂಡ ಅದರ ಒಂದು ತಾಲೂಕಾಗಿದ್ದ ಕಾಲದಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಸೀಳಿತು. ಕಾಸರಗೋಡು ಕೇರಳಕ್ಕೆ ಹೋಯಿತು, ಉಳಿದ ಭಾಗ ಮೈಸೂರಿಗೆ ಬಂತು. ಮದ್ರಾಸ್ ಸರ್ಕಾರದ ವಿರುದ್ಧ ಹೂಡಿದ ದಾವೆ ದೆಹಲಿ ತಲುಪುವ ಹೊತ್ತಿಗೆ ಪ್ರತಿವಾದಿ ಮೈಸೂರು ರಾಜ್ಯವಾಗಿತ್ತು. ಮೊಕದ್ದಮೆಯ ಶೀರ್ಷಿಕೆಯಲ್ಲೇ ಗಡಿ ಹಾದುಹೋದ ಗುರುತಿದೆ. ಗಡಿನಾಡಿನ ಓದುಗರಿಗೆ ಈ ತೀರ್ಪು ಹತ್ತಿರದ್ದೆನಿಸಲು ಇದೊಂದೇ ಕಾರಣವಲ್ಲ. ತನ್ನ ಅನನ್ಯತೆಯನ್ನು ಉಳಿಸಿಕೊಳ್ಳಲು ಗುಂಪೊಂದಕ್ಕೆ ಇರುವ ಹಕ್ಕು ಎಲ್ಲಿಯವರೆಗೆ ಚಾಚಬಹುದು, ಯಾರ ಮೈಗೆ ತಾಗಿದಾಗ ನಿಲ್ಲಬೇಕು ಎಂಬ ಪ್ರಶ್ನೆ ಅದರ ಒಡಲಲ್ಲಿದೆ. ಭಾಷಾ ಅಲ್ಪಸಂಖ್ಯಾತರು ತಪ್ಪಿಸಿಕೊಳ್ಳಲಾಗದ ಪ್ರಶ್ನೆಯೂ ಅದೇ.

ಸಂಗತಿ ಹೀಗಿದೆ. 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯಿದೆಯು ಹಿಂದೂಗಳೆಲ್ಲರಿಗೂ, ಅದುವರೆಗೆ ಹೊರಗಿಟ್ಟಿದ್ದ ಜಾತಿಗಳಿಗೂ, ದೇವಾಲಯಗಳ ಬಾಗಿಲು ತೆರೆಯಿತು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಧರ್ಮದರ್ಶಿಗಳು ತಮ್ಮದು ಗೌಡ ಸಾರಸ್ವತ ಬ್ರಾಹ್ಮಣರ ಸ್ವಂತ ದೇವಸ್ಥಾನ, ಕಾಯಿದೆ ತಮಗೆ ಅನ್ವಯಿಸದು ಎಂದರು. ಸರ್ಕಾರ ಒಪ್ಪಲಿಲ್ಲ, 1949ರಲ್ಲಿ ದಾವೆ ಹೂಡಲಾಯಿತು. ಆಗ ಇನ್ನೂ ಸಂವಿಧಾನವೇ ಜಾರಿಗೆ ಬಂದಿರಲಿಲ್ಲ. ಅದು ಬಂದ ಮೇಲೆ ವಾದದ ನೆಲೆಗಟ್ಟು ಬದಲಾಯಿತು. ಪ್ರತಿಯೊಂದು ಧಾರ್ಮಿಕ ಪಂಗಡಕ್ಕೂ ಧರ್ಮದ ವಿಷಯಗಳಲ್ಲಿ ತನ್ನ ವ್ಯವಹಾರಗಳನ್ನು ತಾನೇ ನಿರ್ವಹಿಸಿಕೊಳ್ಳುವ ಹಕ್ಕನ್ನು 26ನೇ ಅನುಚ್ಛೇದದ ‘ಬಿ’ ಖಂಡ ಕೊಡುತ್ತದೆ. ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯುವ ಕಾನೂನು ಮಾಡಲು 25ನೇ ಅನುಚ್ಛೇದದ 2ನೇ ಉಪಖಂಡದ ‘ಬಿ’ ಭಾಗ ರಾಜ್ಯಕ್ಕೆ ಅಧಿಕಾರ ಕೊಡುತ್ತದೆ. ಎರಡು ವಾಕ್ಯಗಳೂ ಸಂವಿಧಾನದ ಅಕ್ಕಪಕ್ಕದಲ್ಲೇ ಇವೆ. ಮೂಲ್ಕಿಯ ದೇವಸ್ಥಾನದ ಹೊಸ್ತಿಲಲ್ಲಿ ಅವು ಮುಖಾಮುಖಿಯಾದವು.

ಐವರ ಪೀಠದ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ಟಿ.ಎಲ್. ವೆಂಕಟರಾಮ ಅಯ್ಯರ್. ದೀಕ್ಷಿತರ ಕೃತಿಗಳ ಪರಂಪರೆಯಲ್ಲಿ ಪಳಗಿದ ಸಂಗೀತ ವಿದ್ವಾಂಸರೂ ಆಗಿದ್ದ ಅವರಿಗೆ 1944ರಲ್ಲಿ ಸಂಗೀತ ಕಲಾನಿಧಿ ಗೌರವ ಸಂದಿತ್ತು. ಸಂಪ್ರದಾಯ ಎಂದರೇನು, ಅದನ್ನು ಒಳಗಿನಿಂದ ಬಲ್ಲವರು ಹೇಗೆ ಕಾಪಾಡುತ್ತಾರೆ ಎಂಬುದು ಅವರಿಗೆ ಕೇವಲ ಕಾನೂನಿನ ಪ್ರಶ್ನೆಯಾಗಿರಲಾರದು. ತೀರ್ಪಿನ ಗದ್ಯದಲ್ಲಿ ಆ ಗೌರವ ಕಾಣುತ್ತದೆ.

ತೀರ್ಪು ಆರಂಭವಾಗುವುದು ಒಂದು ವಲಸೆಯ ಕಥೆಯಿಂದ. ಸಮುದಾಯದ ಮೂಲ ನೆಲೆ ಕಾಶ್ಮೀರ. ಅಲ್ಲಿಂದ ಮಿಥಿಲೆ, ಬಿಹಾರ. ಅಲ್ಲಿಂದ ದಕ್ಷಿಣಕ್ಕೆ ಬಂದು ಗೋವೆಯ ಸುತ್ತಿನಲ್ಲಿ ನೆಲೆನಿಂತರು. ತಮ್ಮೊಳಗೇ ವಿವಾಹ, ತಮ್ಮದೇ ದೇವರು, ತಮ್ಮದೇ ಪುರೋಹಿತರು. ಪೋರ್ಚುಗೀಸರ ಕಿರುಕುಳ ತಾಳಲಾರದೆ ಮತ್ತೆ ದಕ್ಷಿಣಕ್ಕೆ ಹೊರಟು ಭಟ್ಕಳ ಮೊದಲಾದೆಡೆ, ಕೊನೆಗೆ ಮೂಲ್ಕಿಯಲ್ಲಿ ಬೇರೂರಿದರು. ಕೆಲವು ಕುಟುಂಬಗಳ ಆರಾಧನೆಯಿಂದ ದೇವಸ್ಥಾನ ಬೆಳೆಯಿತು. ಕಾನೂನಿನ ದೃಷ್ಟಿಯಿಂದ ಈ ಭಾಗದ ಕೆಲಸ ಸರಳವಾದದ್ದು: ಇದೊಂದು ಪ್ರತ್ಯೇಕ ಪಂಗಡ ಎಂದು ತೋರಿಸುವುದು. ಸಾಹಿತ್ಯದ ದೃಷ್ಟಿಯಿಂದ ಅದು ಸ್ಥಳಪುರಾಣದ ಕೆಲಸವನ್ನೇ ಮಾಡುತ್ತದೆ. ಪೌರಾಣಿಕ ಭೂಗೋಳ ಮತ್ತು ಚಾರಿತ್ರಿಕ ಭೂಗೋಳ ಒಂದೇ ಉಸಿರಿನಲ್ಲಿ ಬರುತ್ತವೆ. ನ್ಯಾಯಾಲಯ ಎರಡರ ನಡುವೆ ಭೇದ ಮಾಡುವ ಗೋಜಿಗೆ ಹೋಗುವುದಿಲ್ಲ.

ಈ ಕಥನವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಗೋವೆಯಲ್ಲಿ 1560ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ನಡುವೆ ಕೆಲವು ವರ್ಷ ಬಿಟ್ಟರೆ 1812ರವರೆಗೆ ನಡೆಯಿತು. ದೇವಸ್ಥಾನಗಳು ಉರುಳಿದವು. ದೇವರನ್ನು ಹೊತ್ತುಕೊಂಡು ಗಡಿ ದಾಟಿದವರ ನೆನಪು ಕರಾವಳಿಯುದ್ದಕ್ಕೂ ಇಂದಿಗೂ ಜೀವಂತ. ಧರ್ಮಸ್ವಾತಂತ್ರ್ಯವೆಂಬ ಪದಕ್ಕೆ ಇಲ್ಲಿ ಹಸಿಯಾದ ಅರ್ಥವಿದೆ: ತಮ್ಮ ದೇವರನ್ನು ತಮ್ಮ ರೀತಿಯಲ್ಲಿ ಪೂಜಿಸಲು ಜನ ಊರನ್ನೇ ಬಿಟ್ಟು ಬಂದರು. ಹೀಗೆ ಬಂದವರು ಕಟ್ಟಿದ ಬಾಗಿಲು ಮೊದಲು ಆಶ್ರಯದ ಬಾಗಿಲು. ಅದೇ ಬಾಗಿಲು ಮೂಲ್ಕಿಯ ನೆಲದಲ್ಲಿ ಮೊದಲೇ ದುಡಿಯುತ್ತಿದ್ದವರ ಮುಂದೆ ಮುಚ್ಚಿದ ಬಾಗಿಲಾಗಿ ನಿಂತದ್ದು ಹೇಗೆ? ಕಿರುಕುಳದ ನೆನಪಿನಿಂದ ಹುಟ್ಟಿದ ಪ್ರತ್ಯೇಕತೆ ಸ್ಥಳೀಯ ಜಾತಿಶ್ರೇಣಿಯಲ್ಲಿ ಸಲೀಸಾಗಿ ಹೊಂದಿಕೊಂಡದ್ದು ಯಾವಾಗ? ತೀರ್ಪಿನ ವಲಸೆಕಥೆ ಮೂಲ್ಕಿ ತಲುಪಿದೊಡನೆ ನಿಲ್ಲುತ್ತದೆ. ಬಂದವರ ಕಥೆ ಇದೆ. ಬಂದಾಗ ಅಲ್ಲಿದ್ದವರ ಕಥೆ ಇಲ್ಲ.

ನ್ಯಾಯಾಲಯದ ತರ್ಕದಲ್ಲಿ ಎರಡು ಹೆಜ್ಜೆಗಳಿವೆ. ಮೊದಲನೆಯದು: ದೇವಾಲಯದೊಳಗೆ ಯಾರು ಬರಬಹುದು, ಎಲ್ಲಿಯವರೆಗೆ ಬರಬಹುದು ಎಂಬುದು ಆಡಳಿತದ ವಿಷಯವಲ್ಲ, ಧರ್ಮದ ವಿಷಯವೇ. ಆಗಮಗಳು ಇದನ್ನು ನಿರ್ದೇಶಿಸುತ್ತವೆ. ನಿಷೇಧ ಮುರಿದರೆ ವಿಗ್ರಹ ಮಲಿನವಾಗುತ್ತದೆ, ಶುದ್ಧಿ ಮಾಡಬೇಕಾಗುತ್ತದೆ. ಇದಕ್ಕೆ ಆಧಾರವಾಗಿ ತೀರ್ಪು ಹಿಂದಿನ ನಿರ್ಣಯಗಳನ್ನು ಉದಾಹರಿಸುತ್ತದೆ. ಅವುಗಳಲ್ಲಿ ಒಂದು 1908ರ ಪ್ರಿವಿ ಕೌನ್ಸಿಲ್ ತೀರ್ಪು. ತಮಿಳುನಾಡಿನ ಕಮುದಿಯ ದೇವಾಲಯದಿಂದ ನಾಡಾರರನ್ನು ಹೊರಗಿಟ್ಟದ್ದು ಸರಿ ಎಂದ ತೀರ್ಪು. ಧರ್ಮ ಎಂದರೇನು ಎಂದು ತಿಳಿಯಲು ನ್ಯಾಯಾಲಯ ತೆರೆದ ಕಡತವೇ ಹೊರಗಿಡುವಿಕೆಯ ಕಡತ. ವಸಾಹತು ಕಾಲದಲ್ಲಿ ಮೇಲ್ಜಾತಿಗಳು ಗೆದ್ದ ಮೊಕದ್ದಮೆಗಳು ಗಣರಾಜ್ಯದ ಕಾಲದಲ್ಲಿ ಶಾಸ್ತ್ರದ ಸಾಕ್ಷ್ಯವಾಗುತ್ತವೆ. ಶೀರೂರು ಮಠದ ತೀರ್ಪು ಧರ್ಮದ ಅವಶ್ಯ ಅಂಶಗಳನ್ನು ಆ ಧರ್ಮದ ಸಿದ್ಧಾಂತಗಳ ಮೂಲಕವೇ ಅರಿಯಬೇಕು ಎಂದಿತ್ತು. ಮಾತು ಉದಾರವಾದದ್ದು. ಸಿದ್ಧಾಂತವನ್ನು ಬರೆದಿಟ್ಟವರು ಯಾರು, ಬರೆಯಲು ಅವಕಾಶವೇ ಇಲ್ಲದೆ ಆಚರಿಸಿದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಅದು ಎತ್ತುವುದಿಲ್ಲ.

ಎರಡನೆಯ ಹೆಜ್ಜೆಯೇ ತೀರ್ಪಿನ ಧೈರ್ಯ. ಪ್ರವೇಶ ಧರ್ಮದ ವಿಷಯವೇ ಆದರೂ, ಇದು ಪಂಗಡದ ದೇವಸ್ಥಾನವೇ ಆದರೂ, 26ನೇ ಅನುಚ್ಛೇದದ ಹಕ್ಕು 25ರಲ್ಲಿರುವ ಪ್ರವೇಶದ ಅಧಿಕಾರಕ್ಕೆ ಒಳಪಟ್ಟದ್ದು ಎಂದು ನ್ಯಾಯಾಲಯ ಹೇಳಿತು. ಹೊರಗಿಡುವುದು ಧರ್ಮವಲ್ಲ ಎಂದು ಧರ್ಮವನ್ನು ತಿದ್ದುವ ಸುಲಭದ ದಾರಿ ಅದು ಹಿಡಿಯಲಿಲ್ಲ. ಹೊರಗಿಡುವುದು ಧರ್ಮವೇ, ಆದರೂ ಸಮಾನತೆ ಮೇಲು ಎಂದಿತು. ಈ ಪ್ರಾಮಾಣಿಕತೆ ಮುಂದಿನ ಎಷ್ಟೋ ತೀರ್ಪುಗಳಲ್ಲಿ ಕಾಣೆಯಾಗಿದೆ. ಅನನುಕೂಲವಾದ ಆಚರಣೆಯನ್ನು ‘ನಿಜವಾದ ಧರ್ಮವಲ್ಲ’ ಎಂದು ಪಕ್ಕಕ್ಕೆ ಸರಿಸುವ ನ್ಯಾಯಾಧೀಶರು ಧರ್ಮಗುರುಗಳ ಪೀಠದಲ್ಲಿ ಕೂತಂತಾಗುತ್ತದೆ. ಮೂಲ್ಕಿ ತೀರ್ಪು ಆ ಪೀಠವನ್ನು ಏರಲಿಲ್ಲ.

ಆದರೆ ಅಲ್ಲಿಗೆ ನಿಲ್ಲಲೂ ಇಲ್ಲ. ಕೆಲವು ನಿರ್ದಿಷ್ಟ ವಿಧಿಗಳ ಸಮಯದಲ್ಲಿ ಗೌಡ ಸಾರಸ್ವತರಲ್ಲದವರನ್ನು ಹೊರಗಿಡುವ ಹಕ್ಕನ್ನು ಮದ್ರಾಸ್ ಉಚ್ಚ ನ್ಯಾಯಾಲಯ ಧರ್ಮದರ್ಶಿಗಳಿಗೆ ಉಳಿಸಿಕೊಟ್ಟಿತ್ತು. ಅದನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಇಲ್ಲಿ ಒಂದು ರೂಪಕ ಬರುತ್ತದೆ. ಪಂಗಡದ ಹಕ್ಕಿಗೆ ಮನ್ನಣೆ ಕೊಟ್ಟ ಮೇಲೂ ಸಾರ್ವಜನಿಕರ ಪಾಲಿಗೆ ಉಳಿಯುವ ಪೂಜೆಯ ಹಕ್ಕು ಸತ್ವವುಳ್ಳದ್ದಾಗಿದ್ದು ಬರಿಯ ಉಮಿಯಾಗಿರದಿದ್ದರೆ ಎರಡನ್ನೂ ಹೊಂದಿಸಿಕೊಳ್ಳಬಹುದು ಎಂಬುದು ಅದರ ಆಶಯ. ಒಣ ತರ್ಕದ ನಡುವೆ ಇದ್ದಕ್ಕಿದ್ದಂತೆ ಕಣದ ಚಿತ್ರ. ಭತ್ತದ ನಾಡಿನಿಂದ ಬಂದ ಮೊಕದ್ದಮೆಗೆ ಇಷ್ಟು ಒಪ್ಪುವ ರೂಪಕ ಆಕಸ್ಮಿಕವೇ ಇರಬೇಕು, ಆದರೂ ಅದನ್ನು ಹಾಗೇ ಬಿಡುವಂತಿಲ್ಲ. ಏಕೆಂದರೆ ಇಡೀ ತೀರ್ಪಿನ ಭಾರ ಈ ಒಂದು ಪದದ ಮೇಲೆ ನಿಂತಿದೆ.

ಅಕ್ಕಿ ಯಾವುದು, ಉಮಿ ಯಾವುದು ಎಂದು ಹೇಳುವವರು ಯಾರು? ನ್ಯಾಯಾಲಯ ಅಳೆದದ್ದು ಸಮಯವನ್ನು: ಕೆಲವು ಸಂದರ್ಭಗಳಲ್ಲಿ ಹೊರಗಿದ್ದರೂ ಪೂಜೆಗೆ ಬೇರೆ ಸಂದರ್ಭಗಳು ಸಾಕಷ್ಟಿವೆ. ಗಂಟೆಗಳ ಲೆಕ್ಕದಲ್ಲಿ ಇದು ಸರಿ. ಆದರೆ ಅವಮಾನ ಗಂಟೆಗಳ ಲೆಕ್ಕದಲ್ಲಿ ಬರುವುದಿಲ್ಲ. ವರ್ಷದ ಬಹುಪಾಲು ದಿನ ತೆರೆದಿದ್ದು, ಅತ್ಯಂತ ಪವಿತ್ರವೆಂದು ಎಣಿಸುವ ಗಳಿಗೆಯಲ್ಲಿ ಮಾತ್ರ ನೀವು ಹೊರಗಿರಿ ಎಂದಾಗ, ಹೊರಗೆ ನಿಂತವನ ಪಾಲಿಗೆ ಉಳಿದ ದಿನಗಳ ಅರ್ಥವೂ ಬದಲಾಗುತ್ತದೆ. ಪಾವಿತ್ರ್ಯದ ಶಿಖರ ಯಾವುದೋ ಅಲ್ಲಿಂದಲೇ ಹೊರಗಿಟ್ಟರೆ ಉಳಿದದ್ದು ಅಕ್ಕಿಯೋ ಉಮಿಯೋ ಎಂಬುದನ್ನು ಒಳಗಿರುವವನು ನಿರ್ಧರಿಸಲಾರ. ಇದಕ್ಕೆ ಪ್ರತಿಯಾಗಿ ಒಂದು ಮಾತಿದೆ, ಗಂಭೀರವಾದ ಮಾತೇ: ಆ ವಿಧಿಗಳಲ್ಲಿ ಹೊರಗುಳಿಯುವವರು ದಲಿತರು ಮಾತ್ರವಲ್ಲ, ಪಂಗಡಕ್ಕೆ ಸೇರದ ಇತರ ಬ್ರಾಹ್ಮಣರೂ ಹೊರಗೇ. ಹಾಗಾದರೆ ಇದು ಅಸ್ಪೃಶ್ಯತೆಯಲ್ಲ, ಪ್ರತ್ಯೇಕತೆ. ತರ್ಕಕ್ಕೆ ಇದು ಒಪ್ಪುತ್ತದೆ, ಸಮಾಜಕ್ಕೆ ಒಪ್ಪುವುದಿಲ್ಲ. ಬೇರೆ ಬ್ರಾಹ್ಮಣನಿಗೆ ಮುಚ್ಚಿದ್ದು ಒಂದು ಬಾಗಿಲು. ದಲಿತನಿಗೆ ಅದುವರೆಗೆ ಮುಚ್ಚಿದ್ದು ಊರಿನ ಎಲ್ಲ ಬಾಗಿಲುಗಳು. ಒಂದೇ ಬಾಗಿಲು ಇಬ್ಬರ ಮುಂದೆ ಒಂದೇ ಅರ್ಥದಲ್ಲಿ ಮುಚ್ಚುವುದಿಲ್ಲ.

ವಾದ ನಡೆದದ್ದು ಧರ್ಮದರ್ಶಿಗಳಿಗೂ ಸರ್ಕಾರಕ್ಕೂ ನಡುವೆ. ಯಾರ ಪ್ರವೇಶದ ಹೆಸರಿನಲ್ಲಿ ಕಾಯಿದೆ ಬಂತೋ ಅವರ ದನಿ ತೀರ್ಪಿನ ಪುಟಗಳಲ್ಲಿ ಕೇಳಿಸದು. ಸರ್ಕಾರ ಅವರ ಪರವಾಗಿ ಮಾತಾಡುತ್ತದೆ. ಅವರಿಗೆ ಏನು ಬೇಕಾಗಿತ್ತು ಎಂದು ಕೇಳುವ ಸ್ಥಳ ದಾವೆಯ ರಚನೆಯಲ್ಲೇ ಇರಲಿಲ್ಲ. ಆ ಜಿಲ್ಲೆಯಲ್ಲಿ ಕೇಳಬಲ್ಲ ಕಿವಿಗಳು ಇರಲಿಲ್ಲವೆಂದಲ್ಲ. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು, ಅವರೂ ಸಾರಸ್ವತರೇ, 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿ ಶಾಲೆ, ನೆಲ, ಮನೆಗಳ ಕಡೆ ಗಮನ ಹರಿಸಿದ್ದರು. ಮಂಜೇಶ್ವರದ ಗೋವಿಂದ ಪೈ ಗೌಡ ಸಾರಸ್ವತ ಕುಟುಂಬದಲ್ಲಿ ಹುಟ್ಟಿ, ಕೊಂಕಣಿ ಮನೆಮಾತಿನವರಾಗಿ, ಕನ್ನಡದಲ್ಲಿ ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲೂ ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲೂ ಬರೆದರು. ಗೋವೆಯ ನೆನಪುಳ್ಳ ಸಮುದಾಯದ ಕವಿ ಶಿಲುಬೆಯ ಕಥೆಯನ್ನು ಕರುಣೆಯಿಂದ ಬರೆದ ಸಂಗತಿ ಪಂಗಡದ ಬಗೆಗಿನ ಯಾವ ತೀರ್ಪಿನಲ್ಲೂ ಸಾಕ್ಷ್ಯವಾಗುವುದಿಲ್ಲ. ನ್ಯಾಯಾಲಯಕ್ಕೆ ಕಾಣುವುದು ಧರ್ಮದರ್ಶಿಗಳು ಮುಂದಿಟ್ಟ ಪಂಗಡ ಮಾತ್ರ.

ಕೇಳಿಸದ ದನಿಗಾಗಿ ಕನ್ನಡ ಓದುಗ ಕಾದಂಬರಿಯ ಕಡೆ ತಿರುಗುವುದು ಸಹಜ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಮದ್ರಾಸ್ ಕಾಯಿದೆಗೆ ಹದಿನಾಲ್ಕು ವರ್ಷ ಮೊದಲಿನದು, ಇದೇ ಜಿಲ್ಲೆಯ ಬದುಕಿನದು. ಚೋಮ ದೇವಸ್ಥಾನದ ಪ್ರವೇಶ ಕೇಳುವುದಿಲ್ಲ. ಅವನು ಕೇಳುವುದು ಬೇಸಾಯಕ್ಕೆ ಒಂದು ತುಂಡು ನೆಲ, ಅಕ್ಷರಶಃ ಭತ್ತ. ಜಾತಿಯ ಕಟ್ಟಳೆ ಅದನ್ನು ತಡೆಯುತ್ತದೆ. ಮತಾಂತರವಾದರೆ ನೆಲ ಸಿಗಬಹುದೆಂಬ ಆಸೆಯಿಂದ ಹೊರಟವನನ್ನು ಹಿಂದಕ್ಕೆ ತಿರುಗಿಸುವುದು ಅವನ ಪಂಜುರ್ಲಿ. ಧರ್ಮಸ್ವಾತಂತ್ರ್ಯದ ಚರ್ಚೆಯಲ್ಲಿ ಈ ತಿರುವಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ಚೋಮನಿಗೂ ತನ್ನದೆಂಬ ದೈವವಿದೆ, ಬಿಡಲಾಗದ ನಂಬಿಕೆಯಿದೆ. ಆದರೆ ಅವನ ನಂಬಿಕೆಗೆ ಧರ್ಮದರ್ಶಿಗಳಿಲ್ಲ, ಆಗಮವಿಲ್ಲ, ಹಾಗಾಗಿ 26ನೇ ಅನುಚ್ಛೇದದ ಅರ್ಥದಲ್ಲಿ ‘ಪಂಗಡ’ವೆಂದು ನ್ಯಾಯಾಲಯದ ಮುಂದೆ ನಿಲ್ಲುವ ದಾರಿಯೂ ಇಲ್ಲ. ಸಂವಿಧಾನ ಬಂದ ಮೇಲೆ ಚೋಮನ ಪಾಲಿಗೆ ತೆರೆದದ್ದು ಇನ್ನೊಬ್ಬರ ದೇವಸ್ಥಾನದ ಬಾಗಿಲು. ಅದೂ ನಿಗದಿಯಾದ ಸಮಯ ಬಿಟ್ಟು. ಕೇಳಿದ್ದು ಭತ್ತ, ಸಿಕ್ಕಿದ್ದು ಅಕ್ಕಿಯೋ ಉಮಿಯೋ ಎಂಬ ಚರ್ಚೆ.

ಯು.ಆರ್. ಅನಂತಮೂರ್ತಿಯವರ ‘ಭಾರತೀಪುರ’ 1973ರದು. ಅದು ತೀರ್ಪಿನ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಳ್ಳುತ್ತದೆ: ಹೊಲೆಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯುವ ಜಗನ್ನಾಥನ ಸಂಕಲ್ಪ. ಕಾದಂಬರಿಯ ಅತ್ಯಂತ ತೀವ್ರ ಗಳಿಗೆ ಗುಡಿಯಲ್ಲಿ ನಡೆಯುವುದಿಲ್ಲ, ಜಗನ್ನಾಥನ ಮನೆಯಂಗಳದಲ್ಲಿ ನಡೆಯುತ್ತದೆ. ದೇವರ ಕೋಣೆಯ ಸಾಲಿಗ್ರಾಮವನ್ನು ಅವನು ಹೊಲೆಯರ ಮುಂದೆ ಚಾಚಿ ಮುಟ್ಟಿ ಎನ್ನುತ್ತಾನೆ. ಅವರು ಹೆದರುತ್ತಾರೆ, ಅವನು ಅಬ್ಬರಿಸುತ್ತಾನೆ, ಅವರು ಮುಟ್ಟುತ್ತಾರೆ. ಬಿಡುಗಡೆಯ ಕ್ಷಣ ಆಜ್ಞೆಯ ಕ್ಷಣವಾಗಿ ಮಾರ್ಪಡುತ್ತದೆ. ಕೊನೆಯಲ್ಲಿ ಅರ್ಚಕನ ಮಗ ಗಣೇಶ ಲಿಂಗವನ್ನೇ ಕಿತ್ತು ಹೊಳೆಗೆ ಎಸೆದಿರುತ್ತಾನೆ. ಪ್ರವೇಶದ ಅರ್ಥವೇ ಜಾರಿಹೋಗುತ್ತದೆ. ನ್ಯಾಯಾಲಯ ಸಮಯದ ಲೆಕ್ಕದಲ್ಲಿ ಕೇಳಿದ್ದನ್ನು ಕಾದಂಬರಿ ಅರ್ಥದ ಲೆಕ್ಕದಲ್ಲಿ ಕೇಳುತ್ತದೆ. ಬಾಗಿಲು ಪೂರ್ತಿ ತೆರೆದು ಗರ್ಭಗುಡಿ ಬರಿದಾದರೆ ಉಳಿದದ್ದೇನು? ಆದರೆ ‘ಭಾರತೀಪುರ’ವೂ ಜಗನ್ನಾಥನ ಪ್ರಜ್ಞೆಯೊಳಗೇ ಉಳಿಯುವ ಕಾದಂಬರಿ. ಸಾಲಿಗ್ರಾಮ ಮುಟ್ಟಿದ ಕೈಗೆ ಏನನ್ನಿಸಿತು ಎಂಬುದನ್ನು ಅದೂ ಹೇಳುವುದಿಲ್ಲ. ಆ ಅರಿವು ಕಾದಂಬರಿಗೆ ಇದೆ ಎಂಬುದೇ ತೀರ್ಪಿಗೂ ಅದಕ್ಕೂ ಇರುವ ವ್ಯತ್ಯಾಸ.

1957ರಲ್ಲೇ, ಮೂಲ್ಕಿ ತೀರ್ಪಿಗೆ ಏಳು ತಿಂಗಳು ಮೊದಲು, ಏಪ್ರಿಲ್ 5ರಂದು, ಇದೇ ನ್ಯಾಯಾಲಯ ಧರ್ಮಕ್ಕೆ ಸಂಬಂಧಿಸಿದ ಇನ್ನೊಂದು ಬಗೆಯ ನೋವಿನ ಬಗ್ಗೆ ತೀರ್ಪು ಕೊಟ್ಟಿತ್ತು. ‘ಗೌರಕ್ಷಕ್’ ಎಂಬ ಪತ್ರಿಕೆಯ ಸಂಪಾದಕ ರಾಮ್‌ಜಿ ಲಾಲ್ ಮೋದಿಯ ಮೊಕದ್ದಮೆ ಅದು. ಭಾರತೀಯ ದಂಡಸಂಹಿತೆಯ 295ಎ ಕಲಂ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೇ ಎಂಬ ಪ್ರಶ್ನೆ ಅಲ್ಲಿತ್ತು. ಆ ಕಲಂ 1927ರಲ್ಲಿ ಬಂದದ್ದು. ‘ರಂಗೀಲಾ ರಸೂಲ್’ ಎಂಬ ಪುಸ್ತಿಕೆಯ ಪ್ರಕಾಶಕನನ್ನು ಲಾಹೋರಿನ ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿದ ಮೇಲೆ ಎದ್ದ ಕ್ಷೋಭೆಯ ಫಲ. ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಘಾಸಿಗೊಳಿಸುವ ಮಾತು ಅಪರಾಧ. ಅವಮಾನದ ಉಲ್ಬಣ ರೂಪವನ್ನಷ್ಟೇ ಇದು ಶಿಕ್ಷಿಸುತ್ತದೆ ಎಂದು ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಮೂಲ್ಕಿ ಪೀಠದಲ್ಲೂ ಇದ್ದರು. 295ಎ ಇಂದು ಭಾರತೀಯ ನ್ಯಾಯಸಂಹಿತೆಯಲ್ಲಿ 299ನೇ ಕಲಂ ಆಗಿ ಮುಂದುವರಿದಿದೆ.

ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದವರು ಕಡಿಮೆ. ಒಟ್ಟಿಗೆ ಓದಿದಾಗ ಕಾನೂನಿನ ಕಿವಿಯ ಸ್ವಭಾವ ತಿಳಿಯುತ್ತದೆ. ಅದು ಮಾತಿನ ಅವಮಾನವನ್ನು ಕೇಳಿಸಿಕೊಳ್ಳುತ್ತದೆ, ಏಕೆಂದರೆ ಮಾತಿಗೆ ಕರ್ತೃವಿದ್ದಾನೆ, ಕರ್ತೃವಿಗೆ ಉದ್ದೇಶವಿದೆ, ಉದ್ದೇಶವನ್ನು ಸಾಕ್ಷ್ಯದಿಂದ ಸಾಧಿಸಬಹುದು. ರೂಢಿಯ ಅವಮಾನಕ್ಕೆ ಕರ್ತೃವಿಲ್ಲ. ನೂರಾರು ವರ್ಷ ಮುಚ್ಚಿದ ಬಾಗಿಲಿನ ಹಿಂದೆ ದುರುದ್ದೇಶದ ಒಬ್ಬ ವ್ಯಕ್ತಿ ಸಿಗುವುದಿಲ್ಲ. ಅರ್ಚಕರು, ಧರ್ಮದರ್ಶಿಗಳು ಎಲ್ಲರೂ ತಮಗೆ ಒಪ್ಪಿಸಿದ್ದನ್ನು ಕಾಪಾಡುತ್ತಿದ್ದೇವೆ ಎಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಆದ್ದರಿಂದ ಪತ್ರಿಕೆಯಲ್ಲಿ ಬರೆದ ಒಂದು ಲೇಖನ ಅಪರಾಧವಾಗುತ್ತದೆ, ‘ನಿನ್ನ ನೆರಳು ದೇವರನ್ನು ಕೆಡಿಸುತ್ತದೆ’ ಎಂದು ಒಂದೂ ಮಾತಿಲ್ಲದೆ ಸಾರುವ ವ್ಯವಸ್ಥೆ ‘ಧರ್ಮದ ವಿಷಯ’ವಾಗುತ್ತದೆ. ದ್ವೇಷಭಾಷಣದ ಕಾನೂನು ಭಕ್ತನ ಭಾವನೆಯನ್ನು ಕಾಯುತ್ತದೆ. ಗುಡಿಯ ಹೊರಗೆ ನಿಂತ ಭಕ್ತನಿಗೂ ಭಾವನೆ ಇದೆ ಎಂಬುದು ಅದರ ಚೌಕಟ್ಟಿಗೆ ಬರುವುದಿಲ್ಲ.

ಶಾಸಕಾಂಗಕ್ಕೆ ಇದರ ಅರಿವು ಇಲ್ಲದಿರಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ದೇವಾಲಯ ಪ್ರವೇಶ ತಡೆಯುವುದನ್ನು ಅಪರಾಧ ಮಾಡಿತು, ಆದರೆ ಅದೇ ಧರ್ಮದ ಅಥವಾ ಅದೇ ಧಾರ್ಮಿಕ ಪಂಗಡದ ಇತರರಿಗೆ ತೆರೆದಿರುವ ಸ್ಥಳಗಳಿಗೆ ಎಂಬ ಮಾತಿನೊಂದಿಗೆ. ‘ಪಂಗಡ’ ಎಂಬ ಪದ ಅಲ್ಲಿ ಬಾಗಿಲಿನ ಅಗುಳಿಯಂತೆ ಕೂತಿತ್ತು. 1976ರ ತಿದ್ದುಪಡಿ ಕಾಯಿದೆಗೆ ನಾಗರಿಕ ಹಕ್ಕುಗಳ ಸಂರಕ್ಷಣೆ ಎಂಬ ಹೊಸ ಹೆಸರು ಕೊಟ್ಟಾಗ ಪಂಗಡದ ಆ ಮಾತನ್ನೂ ತೆಗೆದುಹಾಕಿತು. ಒಂದು ಪದದ ಸೇರ್ಪಡೆ, ಒಂದು ಪದದ ವಿಸರ್ಜನೆ; ನಡುವೆ ಎರಡು ದಶಕ. ಪದಗಳ ಮೇಲೆ ಕಣ್ಣಿಡುವುದು ಸಾಹಿತ್ಯ ವಿಮರ್ಶಕರ ಕಸುಬಾಗಿದ್ದರೆ ಇಂಥವನ್ನೂ ನೋಡಬೇಕಾಗುತ್ತದೆ.

ಮೂಲ್ಕಿಯ ಕಥೆಗೆ ಕರಾವಳಿಯಲ್ಲೇ ಇನ್ನೊಂದು ಅಧ್ಯಾಯವಿದೆ, ಈ ಸಲ ಧರ್ಮದ ಹೆಸರಿನಲ್ಲಲ್ಲ, ಭಾಷೆಯ ಹೆಸರಿನಲ್ಲಿ. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಮಣಿಪಾಲದ ಈ ಸಂಸ್ಥೆ ಕರ್ನಾಟಕದಲ್ಲಿ ಕೊಂಕಣಿ ಭಾಷಿಕ ಅಲ್ಪಸಂಖ್ಯಾತರ ಸಂಸ್ಥೆಯೆಂದು 30ನೇ ಅನುಚ್ಛೇದದ ರಕ್ಷಣೆ ಕೋರಿತ್ತು. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಣಯಿಸಬೇಕು ಎಂ­ದು ಬಹುಮತದ ತೀರ್ಪು ಹೇಳಿತು. ಕರ್ನಾಟಕದಲ್ಲಿ ಕೊಂಕಣಿಯವರನ್ನು ಅಲ್ಪಸಂಖ್ಯಾತರೆನ್ನುವ ಅದೇ ಸೂತ್ರ ಕೇರಳದಲ್ಲಿ ಕಾಸರಗೋಡಿನ ಕನ್ನಡಿಗರನ್ನು, ಮಹಾರಾಷ್ಟ್ರದಲ್ಲಿ ಅಕ್ಕಲಕೋಟೆ, ಜತ್ತದ ಕನ್ನಡಿಗರನ್ನು ಅಲ್ಪಸಂಖ್ಯಾತರೆನ್ನುತ್ತದೆ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ ತಂದಾಗ ಕಾಸರಗೋಡಿನಲ್ಲಿ ಎದ್ದ ಪ್ರತಿಭಟನೆ ಗುಂಪಿನ ಹಕ್ಕಿನ ನುಡಿಗಟ್ಟನ್ನೇ ಬಳಸಿತು. ಬೇರೆ ನುಡಿಗಟ್ಟು ಅದಕ್ಕೆ ಲಭ್ಯವೂ ಇರಲಿಲ್ಲ.

ಅಂದರೆ ಗಡಿನಾಡ ಕನ್ನಡಿಗರು ನಿಂತಿರುವ ನೆಲ ಮೂಲ್ಕಿಯ ಧರ್ಮದರ್ಶಿಗಳು ನಿಂತಿದ್ದ ನೆಲಕ್ಕೆ ದೂರದ್ದಲ್ಲ. ಬಹುಸಂಖ್ಯೆಯ ಒತ್ತಡದ ಎದುರು ತಮ್ಮದನ್ನು ಕಾಪಾಡಿಕೊಳ್ಳುವ ಹಕ್ಕು ಇಬ್ಬರದೂ. ಈ ಹಕ್ಕು ದುರ್ಬಲರ ಗುರಾಣಿಯಾಗಬಲ್ಲದು ಎಂಬುದಕ್ಕೆ ಕೇರಳವೇ ಒಂದು ಉದಾಹರಣೆ ಕೊಟ್ಟಿದೆ. ರಾಷ್ಟ್ರಗೀತೆಗೆ ಎದ್ದು ನಿಂತು, ಹಾಡದೆ ಮೌನವಾಗಿದ್ದ ಕಾರಣಕ್ಕೆ ಶಾಲೆಯಿಂದ ಹೊರಹಾಕಲಾದ ಯೆಹೋವನ ಸಾಕ್ಷಿಗಳ ಮೂವರು ಮಕ್ಕಳನ್ನು 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಜೋ ಇಮ್ಯಾನುವಲ್ ಮೊಕದ್ದಮೆಯಲ್ಲಿ ಕಾಪಾಡಿತು. ಅಲ್ಲಿ ನಂಬಿಕೆ ಯಾರನ್ನೂ ಹೊರಗಿಡಲಿಲ್ಲ. ತನ್ನನ್ನು ಹೊರಗಿಡದಂತೆ ಕೇಳಿತು. ಮೂಲ್ಕಿಯಲ್ಲಿ ನಂಬಿಕೆ ಹೊರಗಿಡುವ ಹಕ್ಕನ್ನೇ ಕೇಳಿತು. ಎರಡಕ್ಕೂ ಧರ್ಮಸ್ವಾತಂತ್ರ್ಯ ಎಂಬ ಒಂದೇ ಹೆಸರಿರುವುದು ಭಾಷೆಯ ಬಡತನ. ಭಾಷೆಯ ಹಕ್ಕಿನಲ್ಲೂ ಈ ಎರಡು ಮುಖಗಳಿವೆ. ಸಪ್ತಭಾಷಾ ಸಂಗಮಭೂಮಿ ಎಂದು ಹೆಮ್ಮೆಪಡುವ ಕಾಸರಗೋಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಕನ್ನಡ ಶಾಲೆಗಳಲ್ಲಿ ಕೂತಿದ್ದಾರೆ. ‘ಕನ್ನಡಿಗರ ಹಕ್ಕು’ ಎಂದಾಗ ಆ ಮಕ್ಕಳ ಪಾಲಿಗೆ ಉಳಿಯುವುದೇನು ಎಂಬುದನ್ನು ಕನ್ನಡದ ಧರ್ಮದರ್ಶಿಗಳು ಮಾತ್ರವೇ ಅಳೆಯುವಂತಿಲ್ಲ. ಚೋಮನ ಮನೆಮಾತೂ ಕನ್ನಡವಲ್ಲ.

ದ್ವೇಷಭಾಷಣದ ಕಾನೂನಿನ ಇನ್ನೊಂದು ಕಲಂ, ಹಳೆಯ ದಂಡಸಂಹಿತೆಯ 153ಎ, ಧರ್ಮದ ಜೊತೆಗೆ ಜನ್ಮಸ್ಥಳ, ವಾಸಸ್ಥಳ, ಭಾಷೆಗಳನ್ನೂ ಹೆಸರಿಸಿ ಅವುಗಳ ಆಧಾರದ ಮೇಲೆ ವೈರ ಬೆಳೆಸುವುದನ್ನು ಅಪರಾಧ ಎಂದಿತ್ತು. ಗಡಿಯ ಇಕ್ಕೆಲಗಳಲ್ಲೂ ಕಾಲಕಾಲಕ್ಕೆ ಕೇಳಿಬರುವ ಘೋಷಣೆಗಳನ್ನು ನೆನೆದರೆ ಇದು ಬೇಕಾದ ರಕ್ಷಣೆಯೇ. ಆದರೆ ಅದರದೂ ಅದೇ ಮಿತಿ. ಘೋಷಣೆಗೆ ಕರ್ತೃವಿದ್ದಾನೆ. ಅರ್ಜಿ ನಮೂನೆ ತನ್ನ ಭಾಷೆಯಲ್ಲಿಲ್ಲದ, ತನ್ನ ಭಾಷೆ ಬಾರದ ಶಿಕ್ಷಕ ತರಗತಿಗೆ ಬರುವ ನಿತ್ಯದ ಕಡೆಗಣಿಕೆಗೆ ಕರ್ತೃವಿಲ್ಲ. ಗಡಿನಾಡಿನವರಿಗೆ ಈ ಬಗೆಯ ನೋವಿನ ಪರಿಚಯ ಚೆನ್ನಾಗಿಯೇ ಇದೆ. ದೇವಸ್ಥಾನದ ಹೊರಗೆ ನಿಂತವನ ನೋವನ್ನು ಗುರುತಿಸಲು ಬೇಕಾದ ಸಾಮಗ್ರಿ ಅದೇ.

ಮೂಲ್ಕಿ ತೀರ್ಪು ಹಳೆಯದಾಗಿಲ್ಲ. 2018ರ ಸೆಪ್ಟೆಂಬರ್ 28ರ ಶಬರಿಮಲೆ ತೀರ್ಪಿನಲ್ಲಿ ಅದು ಮತ್ತೆ ಸಾಕ್ಷಿಯಾಗಿ ಬಂದು ನಿಂತಿತು. ಅಯ್ಯಪ್ಪನ ಭಕ್ತರು ಪ್ರತ್ಯೇಕ ಪಂಗಡವಲ್ಲ ಎಂದು ಬಹುಮತ ಹೇಳಿತು. ಮೂಲ್ಕಿಯಂತೆ ಕಾಶ್ಮೀರದಿಂದ ಆರಂಭವಾಗುವ ವಲಸೆಯ ಕಥೆ ಅಲ್ಲಿರಲಿಲ್ಲ. ಪುನರ್ವಿಮರ್ಶೆಯ ಅರ್ಜಿಗಳ ಹಂತದಲ್ಲಿ, 2019ರ ನವೆಂಬರಿನಲ್ಲಿ, ಎರಡು ಅನುಚ್ಛೇದಗಳ ಪರಸ್ಪರ ಸಂಬಂಧವೇನು ಎಂಬ ಮೂಲ ಪ್ರಶ್ನೆಯನ್ನೇ ದೊಡ್ಡ ಪೀಠಕ್ಕೆ ಕಳಿಸಲಾಯಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ ರಚನೆಯಾಯಿತು. ಪ್ರಶ್ನೆಗಳ ಆ ಪಟ್ಟಿಯಲ್ಲಿ ಪಂಗಡವಿದೆ, ನೈತಿಕತೆಯಿದೆ, ಧರ್ಮದ ಅವಶ್ಯ ಅಂಶವನ್ನು ನಿರ್ಣಯಿಸುವವರು ಯಾರು ಎಂಬುದಿದೆ. ಉಮಿಯನ್ನು ಅಳೆಯುವವರು ಯಾರು ಎಂಬುದು ಅದರಲ್ಲಿಲ್ಲ.